ಡಬ್ಬಿ ಇದ್ದಲ್ಲೇ ಇರಬೇಕು

ಕೇಳ್ರಪ್ಪಾ, ಕೇಳ್ರವ್ವಾ. ಕಾಲು ಚಾಚ್ಕೊಂಡು ಕೂತ್ಕೊಳಿ, ಎಲೆ ಅಡಿಕೆ ಹಾಕ್ಕೊಳಿ. ನಡುವೆ ಮಾತ್ರ ಬಾಯಿ ಹಾಕಬೇಡಿ. ಬಾಯಿ ಹಾಕಿದ್ರೆ ನಾನು ಎದ್ದು ಹೋಗೋಳೇ!

ಗುಂಡ್ಲುಪೇಟೆ ಕಡೆ ಒಂದೂರು. ಆ ಊರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹೆಸರು ಪುಟ್ಟಗೌರಮ್ಮ, ಮಗನ ಹೆಸರು ಮರಿಸ್ವಾಮಿ. ಮಗ ಆಳೆತ್ತರ ಬೆಳೆದಿದ್ದ. ಮೂಟೆ ಹೊರು ಅಂದ್ರೆ ಹೊರೋನು, ನೀರು ಸೇದು ಅಂದ್ರೆ ಸೇದೋನು. ಎದುರು ಮಾತಾಡಿದೋನಲ್ಲ, ಸುಳ್ಳು ಹೇಳಿದೋನಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅದೇ ಕಣ್ರಪ್ಪಾ ಕಷ್ಟ! "ಮರೀ, ಹಾಲು ಉಕ್ಕಿದ್ರೆ ಹೇಳೋ" ಅಂದ್ರೆ ಒಲೆ ಮುಂದೆ ಕೂತು, ಹಾಲು ಉಕ್ಕಿ, ಹರಿದು, ಒಲೆ ಆರಿ ತಣ್ಣಗಾದ ಮೇಲೆ ಬಂದು, "ಅವ್ವಾ, ಉಕ್ತು" ಅನ್ನೋನು.

"ನಿನ್ನ ಎಲ್ಲಿ ಹೆತ್ನೋ!" ಅಂತ ಪುಟ್ಟಗೌರಮ್ಮ ಹಣೆ ಚಚ್ಚಿಕೊಳ್ಳೋಳು.

"ಆಸ್ಪತ್ರೇಲಿ ಅಂತಿದ್ಯಲ್ಲವ್ವಾ" ಅನ್ನೋನು ಮರಿಸ್ವಾಮಿ.

ಪುಟ್ಟಗೌರಮ್ಮನ ಗಂಡ ಇದ್ದಾಗ ಆ ಮನೇಲಿ ಟೈಪಿಂಗ್ ಕ್ಲಾಸು ನಡೀತಿತ್ತು. ಬೀದಿ ತುಂಬಾ ಟಕಟಕ ಟಕಟಕ. ಗಂಡ ಹೋದ, ಟೈಪು ಮಿಷಿನ್ನುಗಳೂ ಗುಜರಿಗೆ ಹೋದ್ವು. ಆಯಮ್ಮ ಸುಮ್ನೆ ಕೂರಲಿಲ್ಲ. ಯಾವುದೋ ಆಫೀಸಿನೋರು ಹಳೇದಾಯ್ತು ಅಂತ ತೆಗೆದ ನಾಲ್ಕು ಕಂಪ್ಯೂಟರು ತಂದು ಹಜಾರದಲ್ಲಿ ಜೋಡಿಸಿದ್ಲು, ಊರಿನ ಹೆಣ್ಣುಮಕ್ಕಳಿಗೆ ಕಲಿಸೋಕೆ ಶುರು ಮಾಡಿದ್ಲು. ಹುಡುಗೀರು ಚೆನ್ನಾಗಿ ಕಲೀತಿದ್ರು. ಆದ್ರೆ ಪರೀಕ್ಷೆ ಬರೆಯೋಕೆ ಜಿಲ್ಲೆ ಊರಿಗೇ ಹೋಗ್ಬೇಕು. ಅಲ್ಲೇ ಎಲ್ಲಾ ನಿಂತು ಹೋಗ್ತಿತ್ತು.

ಎಲ್ಲರಿಗಿಂತ ಜಾಣೆ ಅಂದ್ರೆ ದಾಕ್ಷಾಯಿಣಿ. ಅವಳಪ್ಪ ಶಿವಮಲ್ಲಪ್ಪ ಕಡ್ಡಿ ಮುರಿದ ಹಂಗೆ ಹೇಳಿಬಿಟ್ಟಿದ್ದ. "ಊರೊಳಗೇ ಪರೀಕ್ಷೆ ಆದ್ರೆ ಬರೀಲಿ. ಬಸ್ಸು ಹತ್ತಿ ಹೋಗೋದಾದ್ರೆ ಬೇಡ. ಕಲಿತಿದ್ದು ಸಾಕು, ಗಂಡು ನೋಡ್ತೀನಿ." ಮಿಕ್ಕ ಹುಡುಗೀರ ಅಪ್ಪಂದಿರೂ ಶಿವಮಲ್ಲಪ್ಪನ ಮುಖ ನೋಡ್ಕೊಂಡು ಕೂತಿದ್ರು. ಅವನು ಹೂಂ ಅಂದ್ರೆ ಎಲ್ಲರೂ ಹೂಂ. ಅವನು ಊಹೂಂ ಅಂದ್ರೆ ಕ್ಲಾಸಿಗೇ ಬೀಗ.

ಪುಟ್ಟಗೌರಮ್ಮ ಪರೀಕ್ಷೆ ಆಫೀಸಿಗೆ ಅಲೆದಳು, ಕೈಮುಗಿದಳು, ನಮ್ಮೂರಲ್ಲೇ ಒಂದು ಕೇಂದ್ರ ಕೊಡಿ ಅಂದ್ಲು. ಅವರು ಹೇಳಿದ್ರು: "ಸೋಮವಾರ ಸಾಹೇಬ್ರು ಬಂದು ನೋಡ್ತಾರೆ. ನಾಲ್ಕೂ ಕಂಪ್ಯೂಟರು ಒಟ್ಟಿಗೆ ನೆಟ್‌ನಲ್ಲಿ ಇರಬೇಕು. ಇದ್ರೆ ಕೇಂದ್ರ, ಇಲ್ದಿದ್ರೆ ಇಲ್ಲ."

ಆಗ ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಮಿಕ್ಕ ಮೂರೂ ಬಟ್ಟೆ ಹೊದ್ಕೊಂಡು ಕೂತಿದ್ವು. ನೆಟ್ ಕೊಡೋ ರೂಟರು ಅಡುಗೆಮನೆ ಗೋಡೇಲಿ ಮೊಳೆಗೆ ನೇತಾಡ್ತಿತ್ತು, ಯಾಕಂದ್ರೆ ಕೇಬಲ್ಲು ಬಂದಿದ್ದು ಹಿತ್ತಲ ಕಿಟಕಿಯಿಂದ. ರೂಟರು ಅನ್ನೋಕೆ ಆಯಮ್ಮನಿಗೆ ಬೇಜಾರು, ಡಬ್ಬಿ ಅನ್ನೋಳು. "ಈ ಮನೇಲಿ ಒಳ್ಳೇದು ಅಂತ ಏನಾದ್ರೂ ಇದ್ರೆ ಈ ಡಬ್ಬಿ ಒಂದೇ ಕಣೋ ಮರೀ" ಅಂತ ದಿನಾ ಅದರ ದೂಳು ಒರೆಸೋಳು.

ಆ ಡಬ್ಬಿಗೆ ಇನ್ನು ಮೂರು ಕಂಪ್ಯೂಟರು ಸೇರಿಸ್ಬೇಕು. ಇಷ್ಟೇ ಕೆಲಸ!

"ಮರೀ, ಇನಾಯತ್ ಸಾಬ್ರ ಕೇಬಲ್ ಅಂಗಡಿಗೆ ಹೋಗು. ಡಬ್ಬಿಗೆ ಇನ್ನು ಮೂರು ಕಂಪ್ಯೂಟರು ಸೇರಿಸ್ಬೇಕು, ವೈರು ಕೊಡಿ ಅನ್ನು. ಅವರು ಅದು ಇದು ಕೇಳ್ತಾರೆ. ನಿನ್ನ ಮನಸ್ಸಿಗೆ ಬಂದಿದ್ದು ಹೇಳ್ಬೇಡ. ಡಬ್ಬಿ ನೋಡಿ ಹೇಳು."

"ಆಯ್ತವ್ವಾ."

ಡಬ್ಬಿ ನೋಡಿ ಹೇಳ್ಬೇಕಲ್ಲ! ಗೋಡೆಯಿಂದ ಡಬ್ಬಿ ಕಿತ್ತ, ಕಂಕುಳಲ್ಲಿ ಇಟ್ಕೊಂಡ, ಹೊರಟ. ಹಜಾರದಲ್ಲಿ ದಾಕ್ಷಾಯಿಣಿ, "ಅಮ್ಮಾ, ನೆಟ್ ಹೋಯ್ತು!" ಅಂದ್ಲು. ಇವನಾಗಲೇ ಅಂಗಡೀಲಿ.

"ಡಬ್ಬೀಲಿ ತೂತು ಎಷ್ಟೈತೆ?" ಅಂದ್ರು ಇನಾಯತ್ ಸಾಬ್ರು.

ಡಬ್ಬಿ ನೋಡಿದ. "ನಾಲ್ಕು."

"ಸಾಕು, ಸರಿಹೋಯ್ತು. ದೀಪ ಎಷ್ಟು ಉರೀತೈತೆ?"

ಡಬ್ಬಿ ನೋಡಿದ. "ಒಂದೂ ಇಲ್ಲ."

"ಒಂದೂ ಇಲ್ವಾ! ಹೋಗ್ಲಿ, ಡಬ್ಬಿಗೂ ಕಂಪ್ಯೂಟರಿಗೂ ಎಷ್ಟು ದೂರ?"

ಮರಿಸ್ವಾಮಿ ಕೈಯಲ್ಲಿದ್ದ ಡಬ್ಬಿ ನೋಡಿದ, ಹಿಂದಕ್ಕೆ ತಿರುಗಿ ಮನೆ ಕಡೆ ನೋಡಿದ. "ಎರಡು ಬೀದಿ ಸಾಬ್ರೇ."

ಇನಾಯತ್ ಸಾಬ್ರು ಗಿರಾಕಿಗಳ ಗಲಾಟೇಲಿ ತಲೆ ಎತ್ತಿ ನೋಡಲೇ ಇಲ್ಲ. ಎರಡು ಬೀದಿ ಉದ್ದದ ವೈರು ಮೂರು ಸುರುಳಿ ಸುತ್ತಿ, ತುದಿ ಕಟ್ಟಿ ಕೊಟ್ರು. ಸುರುಳಿ ಹೆಗಲಿಗೆ ಹಾಕ್ಕೊಂಡು, ಡಬ್ಬಿ ಕಂಕುಳಲ್ಲಿ ಇಟ್ಕೊಂಡು ಬಂದ.

ಪುಟ್ಟಗೌರಮ್ಮ ಬಾಗಿಲಲ್ಲೇ ನಿಂತಿದ್ಲು. "ಅಯ್ಯೋ ನನ್ನ ಕರ್ಮವೇ! ಡಬ್ಬಿ ಹೊತ್ಕೊಂಡು ಊರು ಸುತ್ತುತಾರೇನೋ? ಕೇಳಿಸ್ಕೋ! ಡಬ್ಬಿ ಇದ್ದಲ್ಲೇ ಇರ್ಬೇಕು. ಯಾರೂ ಕದಲಿಸ್ಬಾರ್ದು. ಬೇಕಾದೋರು ಅದರ ಹತ್ರ ಬರ್ಬೇಕು!"

"ಆಯ್ತವ್ವಾ. ಇನ್ಮೇಲೆ ಹಂಗೇ."

ಮಾರನೇ ದಿನ ಆಯಮ್ಮನಿಗೆ ಸಂತೆಗೆ ಹೋಗೋದಿತ್ತು. "ಮರೀ, ವೈರಿನ ಒಂದು ತುದಿ ಡಬ್ಬಿಗೆ, ಒಂದು ತುದಿ ಕಂಪ್ಯೂಟರಿಗೆ. ಮೂರಕ್ಕೂ ಹಂಗೇ ಹಾಕು. ನಾನು ಬರೋದ್ರೊಳಗೆ ಆಗಿರ್ಲಿ" ಅಂದು ಹೋದ್ಲು.

ಸಂತೆ ಮುಗಿಸಿ ಬಂದು ನೋಡ್ತಾಳೆ, ಹಜಾರದಲ್ಲಿ ಒಂದು ನರಪಿಳ್ಳೆ ಇಲ್ಲ, ಒಂದು ಕಂಪ್ಯೂಟರೂ ಇಲ್ಲ. ಅಡುಗೆಮನೆಯಿಂದ ಟಕಟಕ ಟಕಟಕ! ಒಳಗೆ ಹೋಗಿ ನೋಡಿದ್ರೆ ಒಲೆ ಪಕ್ಕ ಒಂದು ಕಂಪ್ಯೂಟರು, ರಾಗಿ ಡಬ್ಬದ ಮೇಲೆ ಒಂದು, ಒರಳುಕಲ್ಲಿನ ಮೇಲೆ ಒಂದು, ಪಾತ್ರೆ ತೊಳೆಯೋ ಕಲ್ಲಿನ ಮೇಲೆ ಒಂದು. ಹುಡುಗೀರು ಮಣೆ ಹಾಕ್ಕೊಂಡು ಕೂತು ಟೈಪು ಮಾಡ್ತಾವ್ರೆ. ಮರಿಸ್ವಾಮಿ ಅವರ ನಡುವೆ ನಿಂತು ಸಾರಿಗೆ ಒಗ್ಗರಣೆ ಹಾಕ್ತಾವ್ನೆ. ಚಟ್ ಅಂತ ಸಾಸಿವೆ ಸಿಡಿದು ದಾಕ್ಷಾಯಿಣಿ ಪರದೆ ಮೇಲೆ ಬೀಳ್ತಾ ಐತೆ.

"ಏನೋ ಇದು!"

"ಡಬ್ಬಿ ಇದ್ದಲ್ಲೇ ಐತೆ ಕಣವ್ವಾ. ಬೇಕಾದೋರು ಹತ್ರ ಬಂದವ್ರೆ."

"ನಿನ್ನ ತಲೆಗಿಷ್ಟು ಮಣ್ಣು ಹಾಕ! ಅಡುಗೆಮನೇಲಿ ಪರೀಕ್ಷೆ ಬರೀತಾರೇನೋ? ಸಾಹೇಬ್ರು ಬಂದು ಒರಳುಕಲ್ಲಿನ ಮೇಲೆ ಕೂರ್ಬೇಕಾ? ಎಲ್ಲಾ ಹಜಾರಕ್ಕೆ ಎತ್ತಿಡು. ವೈರು ಉದ್ದ ಐತಲ್ಲ, ಅದನ್ನ ಇಲ್ಲಿಂದ ಅಲ್ಲಿಗೆ ಎಳಿ. ನೆಲದ ಮೇಲೆ ಬಿಡ್ಬೇಡ, ಹುಡುಗೀರು ಎಡವಿ ಬೀಳ್ತಾರೆ. ಕಾಲಿಗೆ ಸಿಗೋದನ್ನೆಲ್ಲ ಮೇಲಕ್ಕೆ ಕಟ್ಟಿಬಿಡ್ಬೇಕು. ಗೊತ್ತಾಯ್ತಾ?"

"ಆಯ್ತವ್ವಾ. ಇನ್ಮೇಲೆ ಹಂಗೇ."

ನಗಬೇಡಿ ಕಣ್ರೋ, ಇಷ್ಟು ಬೇಗ ನಕ್ರೆ ಮುಂದಕ್ಕೇನು ಮಾಡ್ತೀರಿ?

ಮರಿಸ್ವಾಮಿ ಎಲ್ಲಾ ಹಜಾರಕ್ಕೆ ಎತ್ತಿಟ್ಟ. ವೈರು ಎಳೆದ. ಏಣಿ ಹತ್ತಿ ತೊಲೆ ಉದ್ದಕ್ಕೂ ನೀಟಾಗಿ ಕಟ್ಟಿದ. ಪುಟ್ಟಗೌರಮ್ಮ ಹಣಿಕಿ ನೋಡಿ, ಸದ್ಯ ಸರಿಹೋಯ್ತಲ್ಲ ಅಂದ್ಕೊಂಡು ಹಿತ್ತಲಿಗೆ ಬಟ್ಟೆ ಒಗೆಯೋಕೆ ಹೋದ್ಲು. ಇವನು ಏಣಿ ಇಳಿದು ಬಂದೋನು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟ್ಟಿಗೆ ಎಡವಿದ. ಕಾಲಿಗೆ ಸಿಕ್ತಲ್ಲ! ಪೆಟ್ಟಿಗೆಗೆ ಹಗ್ಗ ಹಾಕಿ ಮೇಲಕ್ಕೆ ಕಟ್ಟಿದ. ಒಂದಾಯ್ತು, ನಾಲ್ಕೂ ಆಯ್ತು. ಬಾಗಿಲ ಹತ್ರ ಹೋದ, ಹುಡುಗೀರ ಚಪ್ಪಲಿ ಕಾಲಿಗೆ ಸಿಕ್ವು. ಅವನ್ನೂ ಕಟ್ಟಿದ. ಕಾಲೊರೆಸೋ ಗೋಣಿ ಸಿಕ್ತು, ಅದನ್ನೂ ಕಟ್ಟಿದ.

ಆಯಮ್ಮ ಒದ್ದೆ ಸೆರಗು ಹಿಂಡ್ಕೊಂಡು ಬಂದು ನೋಡ್ತಾಳೆ, ಮೇಜಿನ ಮೇಲೆ ಪರದೆಗಳು ಕಪ್ಪಗೆ ಕೂತವೆ. ತೊಲೇಲಿ ಬಾಳೆಗೊನೆ ಹಂಗೆ ಪೆಟ್ಟಿಗೆಗಳು ನೇತಾಡ್ತಾವೆ, ಪಕ್ಕದಲ್ಲಿ ಚಪ್ಪಲಿ. ಹುಡುಗೀರು ಬರಿಗಾಲಲ್ಲಿ ನಿಂತು ಮೇಲಕ್ಕೆ ನೋಡ್ತಾವ್ರೆ. ಮರಿಸ್ವಾಮಿ ಕೈಯಲ್ಲಿ ಹಗ್ಗ ಹಿಡ್ಕೊಂಡು ಮಂಚದ ಕೆಳಗೆ ಬಗ್ಗಿ ನೋಡ್ತಾವ್ನೆ.

"ಇನ್ನೇನೋ ಹುಡುಕ್ತಿದ್ದೀಯಾ ಅಲ್ಲಿ?"

"ಬೆಕ್ಕು ಕಣವ್ವಾ. ಅದೂ ಕಾಲಿಗೆ ಸಿಗ್ತದೆ. ಕೈಗೆ ಮಾತ್ರ ಸಿಗ್ತಿಲ್ಲ."

ಪುಟ್ಟಗೌರಮ್ಮನಿಗೆ ಅಳು ಬಂತು. ನಿಜವಾಗ್ಲೂ ಬಂತು. ನಾಡಿದ್ದು ಸೋಮವಾರ, ಸಾಹೇಬ್ರು ಬರ್ತಾರೆ, ಕಂಪ್ಯೂಟರು ನೋಡಿದ್ರೆ ತೊಲೇಲಿ! ಬಾಗಿಲಲ್ಲಿ ಕೂತು ಕಣ್ಣೊರೆಸ್ಕೊಂಡ್ಲು. ದಾಕ್ಷಾಯಿಣಿ ಪಕ್ಕದಲ್ಲಿ ಬಂದು ಕೂತ್ಲು, ಅವಳ ಕಣ್ಣಲ್ಲೂ ನೀರು.

"ಗೊತ್ತಿಲ್ದಿದ್ರೆ ಗೊತ್ತಿರೋರನ್ನ ಕರೀಬೇಕು ಕಣೋ!" ಅಂದ್ಲು ತಾಯಿ. "ಹೋಗು, ಇನಾಯತ್ ಸಾಬ್ರನ್ನ ಕರ್ಕೊಂಡು ಬಾ. ಅವರು ಕೆಲಸ ಮಾಡುವಾಗ ಕೈ ಕಟ್ಕೊಂಡು ಪಕ್ಕದಲ್ಲಿ ನಿಂತಿರು. ಏನೂ ಮುಟ್ಟಬೇಡ. ಬಾಯಿ ಬಿಡಬೇಡ!"

ಆಯ್ತವ್ವಾ ಅನ್ನೋಕೆ ಹೋದ, ಬಾಯಿ ಬಿಡಬಾರದು ಅಂತ ನೆನಪಾಯ್ತು. ತಲೆ ಆಡಿಸಿದ.

ಇನಾಯತ್ ಸಾಬ್ರ ಅಂಗಡಿಗೆ ಹೋಗಿ ಬಾಯಿ ಬಿಡದೆ ನಿಂತ್ಕೊಂಡ. ಏನಪ್ಪ ಅಂದ್ರೂ ಮಾತಿಲ್ಲ, ಯಾಕಪ್ಪ ಅಂದ್ರೂ ಮಾತಿಲ್ಲ. ಸಾಬ್ರು ಗಾಬರಿಯಾಗಿ, ಮನೇಲಿ ಏನೋ ಆಗಿರ್ಬೇಕು ಅಂತ ಅಂಗಡಿ ಬಿಟ್ಟು ಓಡಿ ಬಂದ್ರು. ಬಂದು ತೊಲೆ ನೋಡಿದ್ರು. "ಯಾ ಅಲ್ಲಾ!" ಅಂದ್ರು. ಪೆಟ್ಟಿಗೆ ಇಳಿಸಿದ್ರು, ಪರದೆಗೆ ಸೇರಿಸಿದ್ರು, ವೈರು ಚುಚ್ಚಿದ್ರು. ಮರಿಸ್ವಾಮಿ ಕೈ ಕಟ್ಕೊಂಡು ಪಕ್ಕದಲ್ಲೇ. ಕಣ್ಣು ಮುಚ್ಚು ಅಂತ ಅವ್ವ ಹೇಳಿರಲಿಲ್ಲ, ಹಂಗಾಗಿ ಎಲ್ಲಾ ನೋಡ್ತಾ ನಿಂತಿದ್ದ.

"ಮರಿಸ್ವಾಮಿ, ಸ್ಟೂಲು ಅಲ್ಲಾಡ್ತೈತೆ, ಹಿಡ್ಕೋಪ್ಪ!" ಅಂದ್ರು ಸಾಬ್ರು. ಮುಟ್ಟಬಾರದಲ್ಲ! ನಿಂತೇ ಇದ್ದ. ಸಾಬ್ರು ದೊಪ್ ಅಂತ ಬಿದ್ರು. ಎದ್ದು ಸೊಂಟ ನೀವ್ಕೊಂಡು, "ಒಂದು ಲೋಟ ನೀರಾದ್ರೂ ಕೊಡೋ" ಅಂದ್ರು. ನಿಂತೇ ಇದ್ದ. ಸಾಬ್ರು ಕೆಲಸ ಮುಗಿಸಿ, ನಾಲ್ಕೂ ಪರದೆ ಬೆಳಗಿಸಿ, ಒಣಗಿದ ಗಂಟಲಲ್ಲಿ ಗೊಣಗ್ತಾ ಹೊರಟು ಹೋದ್ರು.

ಬಾವಿಯಿಂದ ಬಿಂದಿಗೆ ಹೊತ್ತು ಬಂದ ಪುಟ್ಟಗೌರಮ್ಮ ನೋಡ್ತಾಳೆ, ನಾಲ್ಕೂ ಕಂಪ್ಯೂಟರು ಜಗ್ ಅಂತಾವೆ! ನಾಲ್ಕಕ್ಕೂ ನೆಟ್ಟು! ಹುಡುಗೀರು ಕುಣೀತಾವ್ರೆ. "ಸಾಬ್ರೆಲ್ಲಿ? ಕಾಫಿ ಕೊಟ್ಯಾ?"

ಮರಿಸ್ವಾಮಿ ತಲೆ ಅಲ್ಲಾಡಿಸಿದ.

"ಬಾಯಿ ಬಿಡೋ!"

"ಇಲ್ಲವ್ವಾ. ನೀರು ಕೇಳಿದ್ರು, ಕೊಡ್ಲಿಲ್ಲ. ಬಿದ್ರು, ಹಿಡೀಲಿಲ್ಲ."

"ಥೂ ನಿನ್ನ! ಮನೆಗೆ ಬಂದೋರನ್ನ ಹಿಂಗೆ ಕಳಿಸ್ತಾರೇನೋ? ನಾಳೆ ಅವರ ಮುಖ ಹೆಂಗೆ ನೋಡ್ಲಿ? ಬಂದೋರಿಗೆ ಕಾಫಿ ಕೊಡ್ಬೇಕು. ಹೊರಡುವಾಗ ಬರಿಗೈಲಿ ಕಳಿಸ್ಬಾರ್ದು. ಎಲೆ ಅಡಿಕೆ ಜೊತೆಗೆ ಮನೇಲಿರೋದ್ರಲ್ಲಿ ಒಳ್ಳೇದನ್ನ ಎತ್ತಿ ಕೈಗಿಡ್ಬೇಕು. ನಮ್ಮ ಮನೆ ಪದ್ಧತಿ ಅದು!"

"ಆಯ್ತವ್ವಾ. ಇನ್ಮೇಲೆ ಹಂಗೇ."

ಸೋಮವಾರ ಬಂತು. ವೀರಭದ್ರಯ್ಯ ಅಂತ ಸಾಹೇಬ್ರು ಬಸ್ಸಿಳಿದು ಬಂದ್ರು. ನಾಲ್ಕು ಹುಡುಗೀರು ನಾಲ್ಕು ಕಂಪ್ಯೂಟರಿನ ಮುಂದೆ ಕೂತಿದ್ರು. ಸಾಹೇಬ್ರು ಒಂದೊಂದನ್ನೂ ನೋಡಿದ್ರು. ವೈರು ನೋಡಿದ್ರು, ಡಬ್ಬಿ ನೋಡಿದ್ರು, ದಾಕ್ಷಾಯಿಣಿ ಬೆರಳು ಓಡೋದು ನೋಡಿದ್ರು.

"ಚೆನ್ನಾಗಿದೆ ಅಮ್ಮ. ಇನ್ನೊಂದೇ ಬಾಕಿ. ನಾಳೆ ಮಧ್ಯಾಹ್ನ ನಾನು ನನ್ನ ಆಫೀಸಿನಿಂದ ನೋಡ್ತೀನಿ. ಈ ಡಬ್ಬಿಗೆ ಸೇರಿದ ನಾಲ್ಕೂ ಕಂಪ್ಯೂಟರು ನನ್ನ ಪರದೇಲಿ ಕಾಣ್ಬೇಕು. ಕಂಡ್ರೆ ಕೇಂದ್ರ ನಿಮ್ಮದೇ. ಪರೀಕ್ಷೆಗೆ ಹುಡುಗೀರು ಎಲ್ಲೂ ಹೋಗ್ಬೇಕಾಗಿಲ್ಲ."

ಪುಟ್ಟಗೌರಮ್ಮನ ಕಾಲು ನೆಲದ ಮೇಲಿರಲಿಲ್ಲ. ಮರಿಸ್ವಾಮಿ ಯಾರೂ ಹೇಳದೆ ಕಾಫಿ ತಂದು ಕೊಟ್ಟ. ಆಯಮ್ಮನಿಗೆ ಕಣ್ತುಂಬಿ ಬಂತು, ನನ್ನ ಮಗನಿಗೂ ಬುದ್ಧಿ ಬಂತಲ್ಲಪ್ಪ ಅಂತ. ಸಾಹೇಬ್ರಿಗೆ ಕೊಡೋಕೆ ಒಂದು ಒಳ್ಳೆ ತೆಂಗಿನಕಾಯಿ ತರೋಣ ಅಂತ ಪಕ್ಕದ ಮನೆಗೆ ಹೋದ್ಲು. ಹುಡುಗೀರು ಜಗಲಿಗೆ ಬಂದು ಕೂತಿದ್ರು. ಅಷ್ಟರಲ್ಲಿ ಬಸ್ಸಿನ ಹಾರನ್ನು! ಸಾಹೇಬ್ರು ಎದ್ರು. ಮರಿಸ್ವಾಮಿ "ಒಂದು ನಿಮಿಷ ಸಾರ್" ಅಂತ ಒಳಗೆ ಓಡಿದ. ಎಲೆ, ಅಡಿಕೆ, ಪೇಪರಲ್ಲಿ ಸುತ್ತಿದ ಒಂದು ಗಂಟು, ಎಲ್ಲಾ ಚೀಲಕ್ಕೆ ಹಾಕಿ ಸಾಹೇಬ್ರ ಕೈಗಿಟ್ಟು ನಮಸ್ಕಾರ ಮಾಡಿದ. ಸಾಹೇಬ್ರು ಬಾಳೆಹಣ್ಣು ಅಂದ್ಕೊಂಡು ಬಸ್ಸು ಹತ್ತಿದ್ರು.

ಆಯಮ್ಮ ತೆಂಗಿನಕಾಯಿ ಹಿಡ್ಕೊಂಡು ಓಡಿ ಬಂದ್ಲು. ಬಸ್ಸು ಹೋಗಿತ್ತು. "ಅಯ್ಯೋ, ಬರಿಗೈಲಿ ಹೋದ್ರಲ್ಲೋ!"

"ಇಲ್ಲವ್ವಾ! ಎಲೆ ಅಡಿಕೆ ಕೊಟ್ಟೆ. ಮನೇಲಿರೋದ್ರಲ್ಲಿ ಒಳ್ಳೇದನ್ನೇ ಎತ್ತಿ ಕೊಟ್ಟೆ."

"ಏನು ಕೊಟ್ಯೋ?"

ಅವನು ಬಾಯಿ ತೆರೆಯೋ ಮೊದಲೇ, ಜಗಲಿಯಿಂದ ಎದ್ದು ಒಳಕ್ಕೆ ಹೋಗಿದ್ದ ದಾಕ್ಷಾಯಿಣಿ ಹಜಾರದಿಂದ ಕೂಗಿದ್ಲು. "ಅಮ್ಮಾ, ನೆಟ್ ಹೋಯ್ತು! ನಾಲ್ಕಕ್ಕೂ ಹೋಯ್ತು!"

ಪುಟ್ಟಗೌರಮ್ಮ ಅಡುಗೆಮನೆಗೆ ಓಡಿದ್ಲು. ಗೋಡೇಲಿ ಮೊಳೆ ಮಾತ್ರ ಇತ್ತು.

ಆಮೇಲೆ ಆದ ಬೈಗುಳ ನಾನು ಇಲ್ಲಿ ಹೇಳಲ್ಲ, ಮಕ್ಕಳು ಕೂತವ್ರೆ. ಕೊನೇಲಿ ಆಯಮ್ಮ ಮಗನ ಎರಡೂ ಕಿವಿ ಹಿಡ್ಕೊಂಡು ಹೇಳಿದ್ಲು: "ಮೊದಲ ದಿನವೇ ಬಡ್ಕೊಂಡ್ನಲ್ಲೋ! ಡಬ್ಬಿ ಇದ್ದಲ್ಲೇ ಇರ್ಬೇಕು! ಯಾರೂ ಕದಲಿಸ್ಬಾರ್ದು! ಬೇಕಾದೋರು ಅದರ ಹತ್ರ ಬರ್ಬೇಕು! ಇದೊಂದು ಮಾತು ಸಾಯೋ ತನಕ ಮರೀಬೇಡ!"

"ಮರೆಯಲ್ಲವ್ವಾ. ಇನ್ಮೇಲೆ ಹಂಗೇ."

ಸಂಜೆ ಸಾಹೇಬ್ರೇ ಫೋನು ಮಾಡಿದ್ರು. "ಅಮ್ಮಾ, ಹಣ್ಣು ಅಂತ ಬಿಚ್ಚಿದ್ರೆ ನಿಮ್ಮ ರೂಟರು ಬಂದಿದೆ! ನನ್ನ ಮೇಜಿನ ಮೇಲೆ ಇಟ್ಟಿದ್ದೀನಿ, ಬೆಳಗ್ಗೆ ಯಾರನ್ನಾದ್ರೂ ಕಳಿಸಿ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಾಣ್ಲೇಬೇಕು. ಅದು ಬಿಟ್ರೆ ಮತ್ತೆ ಮುಂದಿನ ವರ್ಷವೇ."

ಬೆಳಗ್ಗೆ ತಾನೇ ಹೋಗೋಣ ಅಂತಿದ್ಲು ಪುಟ್ಟಗೌರಮ್ಮ. ಆದ್ರೆ ಶಿವಮಲ್ಲಪ್ಪ ಅವತ್ತೇ ಗಂಡಿನ ಕಡೆಯೋರನ್ನ ನೋಡೋಕೆ ಹೊರಡೋನಿದ್ದ, ಅವನನ್ನ ತಡೀಬೇಕಿತ್ತು. ಇತ್ತ ಹೋದ್ರೆ ಅತ್ತ ಇಲ್ಲ. ಕೊನೆಗೆ ಮಗನನ್ನ ಎಬ್ಬಿಸಿ, "ಮರೀ, ಸಾಹೇಬ್ರ ಆಫೀಸಿಗೆ ಹೋಗು. ಡಬ್ಬಿ ಅಲ್ಲಿ ಅವರ ಮೇಜಿನ ಮೇಲೈತೆ. ಮಧ್ಯಾಹ್ನದೊಳಗೆ ನಾಲ್ಕೂ ಕಂಪ್ಯೂಟರು ಆ ಡಬ್ಬಿಗೆ ಸೇರಿರ್ಬೇಕು, ಸಾಹೇಬ್ರಿಗೆ ಕಾಣ್ಬೇಕು. ನಿನ್ನೆ ಹೇಳಿದ್ದು ನೆನಪೈತಾ?" ಅಂದ್ಲು.

"ಒಂದಕ್ಷರ ಬಿಡದೆ ನೆನಪೈತವ್ವಾ."

ಆಯಮ್ಮ ಶಿವಮಲ್ಲಪ್ಪನ ಮನೆಗೆ ಹೋದ್ಲು. ಹೊತ್ತು ನೆತ್ತಿಗೆ ಬರೋ ತನಕ ಬೇಡಿದ್ಲು, ಜಗಳ ಆಡಿದ್ಲು. "ಒಂದು ಸಲ ಬಂದು ನಿಮ್ಮ ಕಣ್ಣಾರೆ ನೋಡ್ರಣ್ಣಾ. ನಾಲ್ಕು ಕಂಪ್ಯೂಟರು, ಊರೊಳಗೇ ಪರೀಕ್ಷೆ. ನಿಮ್ಮ ಮಗಳು ಬಸ್ಸಿನ ಮೆಟ್ಟಿಲು ತುಳಿಯೋದೇ ಬೇಕಿಲ್ಲ!" ಶಿವಮಲ್ಲಪ್ಪ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡ. "ಆಯ್ತು, ತೋರ್ಸಿ ನೋಡೋಣ" ಅಂತ ಜೊತೇಲಿ ಬಂದ.

ಬಂದು ನೋಡಿದ್ರೆ ಹಜಾರ ಬರಿದು! ಕಂಪ್ಯೂಟರಿಲ್ಲ, ಪೆಟ್ಟಿಗೆಯಿಲ್ಲ, ತೊಲೆಗೆ ಕಟ್ಟಿದ್ದ ವೈರೂ ಇಲ್ಲ. ಹುಡುಗೀರು ಗೋಡೆಗೆ ಒರಗಿ ನಿಂತಿದ್ರು.

"ಎಲ್ರೇ ಎಲ್ಲಾ?"

"ಮರಿಸ್ವಾಮಣ್ಣ ಚೆಂಡುಹೂವಿನ ಆಟೋಲಿ ಹೇರ್ಕೊಂಡು ಹೋದ್ರಮ್ಮ" ಅಂದ್ಲು ದಾಕ್ಷಾಯಿಣಿ. "ಹೂವಿನ ಮೂಟೆ ಮೇಲೆ ಇಟ್ಟು ಹಗ್ಗ ಬಿಗಿದ್ರು. ಅವ್ವ ಹೇಳೌಳೆ ಅಂದ್ರು. ನಾವೂ ಕೈ ಹಾಕಿ ಎತ್ತಿಕೊಟ್ವಿ."

ಶಿವಮಲ್ಲಪ್ಪ ಖಾಲಿ ಹಜಾರ ನೋಡಿದ, ಪುಟ್ಟಗೌರಮ್ಮನ ಮುಖ ನೋಡಿದ. "ಇದೇ ಏನಮ್ಮಾ ನಿನ್ನ ಕೇಂದ್ರ?"

ಆಯಮ್ಮ ಗೋಡೆ ಹಿಡ್ಕೊಂಡು ಕೂತುಬಿಟ್ಲು. ಕೂತ ಹಂಗೇ ಫೋನು ಹೊಡ್ಕೊಳ್ತು. ದಾಕ್ಷಾಯಿಣಿ ತಗೊಂಡು ಎಲ್ಲರಿಗೂ ಕೇಳಿಸೋ ಹಂಗೆ ಸ್ಪೀಕರಿಗೆ ಹಾಕಿದ್ಲು.

"ಅಮ್ಮಾ, ವೀರಭದ್ರಯ್ಯ ಮಾತಾಡ್ತಿರೋದು. ನಿಮ್ಮ ನಾಲ್ಕೂ ಕಂಪ್ಯೂಟರು ಕಾಣ್ತಾ ಇವೆ."

"ಎಲ್ಲಿ ಕಾಣ್ತಾ ಇವೆ ಸಾರ್?"

"ಪರದೇಲೂ ಕಾಣ್ತಾ ಇವೆ, ಕಣ್ಣೆದುರಿಗೂ ಕಾಣ್ತಾ ಇವೆ. ಎರಡು ನನ್ನ ಮೇಜಿನ ಮೇಲೆ, ಒಂದು ಬೀರು ಮೇಲೆ, ಒಂದು ನನ್ನ ಕುರ್ಚಿ ಮೇಲೆ. ನಾನು ನಿಂತಿದ್ದೀನಿ. ಆಫೀಸೆಲ್ಲಾ ಚೆಂಡುಹೂವು! ಏನೇ ಹೇಳಿ ಅಮ್ಮ, ನಿಮ್ಮ ಮಗ ಸೇರಿಸಿರೋದ್ರಲ್ಲಿ ಒಂದು ತಪ್ಪಿಲ್ಲ. ನಿನ್ನೆ ನಿಮ್ಮ ಮನೇಲೂ ನಾನೇ ನೋಡಿದ್ದೀನಿ. ಕೇಂದ್ರ ಕೊಟ್ಟಾಯ್ತು, ನಿಮ್ಮೂರಿಗೇ. ಇವನ್ನ ಸಂಜೆಯೊಳಗೆ ಇಲ್ಲಿಂದ ಎತ್ತಿಸಿ, ನಾನು ಕೂರ್ಬೇಕು."

ಹುಡುಗೀರು ಹೋ ಅಂತ ಕೂಗಿದ್ರು. ದಾಕ್ಷಾಯಿಣಿ ಅಪ್ಪನ ಕಡೆ ತಿರುಗಿದ್ಲು. ಶಿವಮಲ್ಲಪ್ಪ ಗಂಟಲು ಸರಿ ಮಾಡ್ಕೊಂಡು, "ಊರೊಳಗೇ ಅಂದ್ರೆ ಊರೊಳಗೇ. ನಾನು ಮಾತು ತಪ್ಪೋನಲ್ಲ. ಬರೀಲಿ" ಅಂದ. ಪುಟ್ಟಗೌರಮ್ಮ ಎದ್ದು ಸೆರಗಲ್ಲಿ ಮುಖ ಒರೆಸ್ಕೊಂಡು, "ಸಾರ್, ಸ್ವಲ್ಪ ನನ್ನ ಮಗನಿಗೆ ಫೋನು ಕೊಡಿ" ಅಂದ್ಲು.

"ಅವ್ವಾ!" ಅಂದ ಮರಿಸ್ವಾಮಿ, ಬೀದಿಗೆಲ್ಲಾ ಕೇಳೋ ಹಂಗೆ. "ಎಲ್ಲಾ ನೀನು ಹೇಳಿದ ಹಂಗೇ ಆಯ್ತು ಕಣವ್ವಾ! ಡಬ್ಬಿ ಸಾಹೇಬ್ರು ಇಟ್ಟಲ್ಲೇ ಐತೆ, ಒಂಚೂರೂ ಕದಲಿಸಿಲ್ಲ. ಈಗ ಬೇಗ ದಾಕ್ಷಾಯಿಣಿನೂ ಮಿಕ್ಕ ಹುಡುಗೀರನ್ನೂ ಬಸ್ಸು ಹತ್ತಿಸಿ ಇಲ್ಲಿಗೆ ಕಳಿಸು, ಪರೀಕ್ಷೆ ಬರೀಲಿ!"